ಬಿರುಕು ಬಿಡದ ಒಲೆ

ಅಬ್ದುಲ್ ರವೂಫ್ ಸುತ್ತಿಗೆ ಹಿಡಿದು ಏಣಿಯ ನಾಲ್ಕನೇ ಮೆಟ್ಟಿಲು ಹತ್ತಿಯಾಗಿತ್ತು. ಸಾತ್ವಿಕಾ ಅಂಗಳದಿಂದಲೇ ಕೂಗಿದಳು.

"ಇಳಿಯಿರಿ ರವೂಫಣ್ಣ. ಇವತ್ತು ಮಾಡಿಗೆ ಕೈ ಹಾಕುವುದು ಬೇಡ."

"ಯಾಕೆ ಮೇಡಂ, ರಾಹುಕಾಲವಾ?"

"ಅದು ಕಲ್ನಾರಿನ ಶೀಟು, ಆಸ್ಬೆಸ್ಟಾಸ್. ಮೊದಲು ಪರೀಕ್ಷೆ ಆಗ್ಲಿ."

ರವೂಫ್ ಇಳಿದು ಬಂದು ಏಣಿಗೆ ಒರಗಿ ನಿಂತ. "ರಕ್ತ ಆಯ್ತು, ಕಫ ಆಯ್ತು, ಈಗ ಮಾಡಿಗೂ ಪರೀಕ್ಷೆ. ಕೋಳಿಗೂಡಿಗೆ ಯಾವಾಗ? ಅದಕ್ಕೂ ಇದೇ ಶೀಟು ಉಂಟು."

ಒಳಗಿನಿಂದ ಅತ್ತೆ ಸರಸಕ್ಕ ನಕ್ಕದ್ದು ಕೇಳಿಸಿತು. ಸಾತ್ವಿಕಾ ನಗಲಿಲ್ಲ. ಮಡಂತ್ಯಾರಿನ ಒಂದು ಕ್ಲಿನಿಕ್ಕಿನಲ್ಲಿ ಅವಳು ಒಂಬತ್ತು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ಬರಿಗಣ್ಣಿಗೆ ಕಾಣದ್ದನ್ನೇ ನೋಡುವುದು ಅವಳ ಸಂಬಳದ ಕೆಲಸ. ಹಾಗಾಗಿ ಕಾಣುವುದಿಲ್ಲ ಎಂಬ ಕಾರಣಕ್ಕೆ ಯಾವುದನ್ನೂ ಇಲ್ಲ ಎನ್ನುವ ಅಭ್ಯಾಸ ಅವಳಿಗಿರಲಿಲ್ಲ.

ಅಡಿಗೆಮನೆ ಒಡೆಸಲು ಹೊರಟದ್ದೇ ಮಗಳ ಎದೆಗಾಗಿ. ತೃಷಾಳಿಗೆ ಆರು ವರ್ಷ. ನಾಲ್ಕನೇ ವರ್ಷದಿಂದ ದಮ್ಮು. ತಿಂಗಳಿಗೆ ಎರಡು ಸಲವಾದರೂ ಮಗು ಹಾಸಿಗೆಯಲ್ಲಿ ಎದ್ದು ಕೂತು, ಹೆಗಲು ಮೇಲೆತ್ತಿ, ಉಸಿರಿಗಾಗಿ ತಡಕಾಡುತ್ತಿತ್ತು. ಸೌದೆ ಒಲೆಯ ಹೊಗೆ ನಿಲ್ಲಲೇಬೇಕು ಎಂದು ಮಕ್ಕಳ ಡಾಕ್ಟರು ಹೇಳಿದ್ದರು. ಸರಿ, ಒಲೆ ತೆಗೆಯುವುದು, ಗ್ಯಾಸಿಗೆ ಕಟ್ಟೆ ಕಟ್ಟುವುದು, ಹಳೇ ಶೀಟು ಇಳಿಸಿ ಹಂಚು ಹಾಕುವುದು ಎಂದಾಯಿತು. ಹೊಗೆ ತಪ್ಪಿಸಲು ಹೋಗಿ ಮಗುವಿಗೆ ಧೂಳು ಕುಡಿಸಿದರೆ ಏನು ಬಂತು? ಕೆಲಸ ಮುಗಿಯುವ ತನಕ ಒಂದು ಚಿಟಿಕೆ ಧೂಳೂ ತೃಷಾಳ ಹತ್ತಿರ ಸುಳಿಯಬಾರದು ಎಂದು ಸಾತ್ವಿಕಾ ಹಟ ಹಿಡಿದಿದ್ದಳು.

ಶೀಟಿನ ಹೆದರಿಕೆ ಅವಳಿಗೆ ಮಾವನಿಂದ ಬಂದದ್ದು. ಸಂಕಪ್ಪ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಬಾಯ್ಲರ್ ನೋಡಿಕೊಂಡಿದ್ದವರು. ಕೊನೆಯ ಮೂರು ವರ್ಷ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಎರಡು ಕಡೆ ಕೂರುತ್ತಿದ್ದರು. ಕ್ಷಯ ಎಂದು ಆರು ತಿಂಗಳು ಮಾತ್ರೆ ನುಂಗಿಸಿದರು. ಅವರ ಕಫವನ್ನು ಮೂರು ಸಲ ಪರೀಕ್ಷಿಸಿದವಳು ಸಾತ್ವಿಕಾಳೇ. ಮೂರು ಸಲವೂ ರೋಗಾಣು ಇರಲಿಲ್ಲ. ಮಂಗಳೂರಿನ ಡಾಕ್ಟರೊಬ್ಬರು ಮಾತ್ರ ಎಕ್ಸರೇಯನ್ನು ತುಂಬ ಹೊತ್ತು ಬೆಳಕಿಗೆ ಹಿಡಿದು, "ನಿಮಗೆ ಯಾವಾಗಾದರೂ ಕಲ್ನಾರಿನ ಒಡನಾಟ ಇತ್ತಾ?" ಎಂದು ಕೇಳಿದ್ದರು. ಸಂಕಪ್ಪ ಯೋಚಿಸಿ, "ನಮ್ಮ ಅಡಿಗೆಮನೆಯ ಮಾಡು ಅದರದ್ದೇ ಡಾಕ್ಟ್ರೆ" ಎಂದಿದ್ದರು. ಅಷ್ಟು ಸಾಲದು ಎಂಬಂತೆ ಡಾಕ್ಟರು ತಲೆಯಾಡಿಸಿದ್ದರು. ಸಾತ್ವಿಕಾ ಆ ತಲೆಯಾಡಿಸಿದ್ದನ್ನು ಮರೆತಳು, ಮಾಡನ್ನು ಮರೆಯಲಿಲ್ಲ.

ಮೂಡುಬಿದಿರೆಯಲ್ಲಿ ಅವಳೊಂದಿಗೆ ಬಿ.ಎಸ್ಸಿ. ಓದಿದ ಅರಿಹಂತ್ ಈಗ ಮಿಜಾರಿನ ಕಾಲೇಜೊಂದರ ಪ್ರಯೋಗಾಲಯದಲ್ಲಿದ್ದ. ಕಲ್ಲು, ಖನಿಜ ನೋಡುವ ಸೂಕ್ಷ್ಮದರ್ಶಕ ಅಲ್ಲಿತ್ತು. ಫೋನು ಮಾಡಿದಳು.

"ಬರೆದು ಕೊಡ್ಲಿಕ್ಕೆ ನನಗೆ ಅಧಿಕಾರ ಇಲ್ಲ," ಅಂದ ಅರಿಹಂತ್. "ಕಣ್ಣಿಗೆ ಕಂಡದ್ದನ್ನು ಹೇಳ್ತೇನೆ. ಒಣ ಶೀಟನ್ನು ಮುರಿಯಬೇಡ, ನೀರು ಹೊಡೆದು ಚೂರು ತೆಗಿ. ಮತ್ತೆ ಇನ್ನೊಂದು ಬೇಕು. ಅದೇ ಅಡಿಗೆಮನೆಯದ್ದು, ಆದರೆ ಕಲ್ನಾರು ಇಲ್ಲ ಅಂತ ನಿನಗೆ ಖಾತ್ರಿ ಇರುವಂಥದ್ದು. ಹೋಲಿಸ್ಲಿಕ್ಕೆ."

ಭಾನುವಾರ ಬೆಳಿಗ್ಗೆ ಅವಳು ಮೂಗಿಗೆ ಮಾಸ್ಕ್ ಕಟ್ಟಿ, ಬೈರಾಸಿನಿಂದ ತಲೆ ಸುತ್ತಿ, ಸ್ಟೂಲು ಹತ್ತಿ, ಶೀಟಿನ ಅಂಚನ್ನು ಚೆನ್ನಾಗಿ ತೋಯಿಸಿ ಬೆರಳಗಲದ ಚೂರು ತೆಗೆದಳು. ಎರಡು ಪ್ಲಾಸ್ಟಿಕ್ ತೊಟ್ಟೆಗಳ ಒಳಗೆ ಹಾಕಿ ಗಂಟು ಕಟ್ಟಿ '೧' ಎಂದು ಬರೆದಳು. ಗಂಡ ಉಜ್ವಲ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನಿಗೆ ಬಿ.ಸಿ. ರೋಡಿನಲ್ಲಿ ಬ್ಯಾಟರಿ ಅಂಗಡಿ.

"ಬಾಂಬು ತೆಗೆಯುವವರು ಕೂಡ ಇಷ್ಟು ನಾಜೂಕು ಮಾಡ್ಲಿಕ್ಕಿಲ್ಲ ಮಾರಾಯ್ತಿ."

"ಸುಮ್ಮನೆ ನಿಲ್ಲಿ. ಇನ್ನೊಂದು ಬೇಕು, ಬರೀ ಮಣ್ಣಿನದ್ದು ಎಂಥದಾದರೂ."

"ಮಣ್ಣಿಗೇನು ಬರ, ಒಲೆ ಇಲ್ವಾ?" ಎಂದು ಸರಸಕ್ಕ ಒನಕೆಯ ತುದಿಯಿಂದ ಒಲೆಯ ಬಾಯಿಗೆ ಕುಟ್ಟಿದರು. ನಾಲ್ಕನೇ ಪೆಟ್ಟಿಗೆ ಲಿಂಬೆಹಣ್ಣಿನಷ್ಟು ಉಂಡೆ ಬಂತು. "ನೋಡಿದೆಯಾ? ಒನಕೆಗೂ ಬಗ್ಗುವುದಿಲ್ಲ."

ಆ ಜಂಬಕ್ಕೆ ಕಾರಣ ಇತ್ತು. ಸರಸಕ್ಕ ಕಟ್ಟಿದ ಒಲೆ ಬಿರುಕು ಬಿಡುವುದಿಲ್ಲ ಎಂಬುದು ನರಿಕೊಂಬಿನಲ್ಲಿ ಗಾದೆಯಂತೆ ಆಗಿಹೋಗಿತ್ತು. ಬೇರೆಯವರ ಮಣ್ಣಿನ ಒಲೆ ವರ್ಷಕ್ಕೊಮ್ಮೆ ಸೀಳುತ್ತದೆ, ಸಗಣಿ ಮಣ್ಣು ಮೆತ್ತಬೇಕು. ಇವರದ್ದು ಕಬ್ಬಿಣ. ಗುಟ್ಟು ಬಾಯ್ಲರ್ ಮಣ್ಣು. ಬಾಯ್ಲರಿನ ಕೊಳವೆಗಳಿಗೆ ಶಾಖ ತಪ್ಪದ ಹಾಗೆ ಮೆತ್ತುವ ಬೂದುಬಿಳಿ ಪುಡಿ ಕಾರ್ಖಾನೆಗೆ ಚೀಲಗಟ್ಟಲೆ ಬರುತ್ತಿತ್ತು. ಉಳಿದದ್ದನ್ನು ಸಂಕಪ್ಪ ಸೈಕಲಿಗೆ ಕಟ್ಟಿ ಮನೆಗೆ ತರುತ್ತಿದ್ದರು. ಹುತ್ತದ ಮಣ್ಣಿಗೆ ಅದನ್ನು ಸಮಸಮ ಸೇರಿಸಿ ಸರಸಕ್ಕ ಕಲಸುತ್ತಿದ್ದರು. ಯಾರು ಕರೆದರೂ ಹೋಗಿ ಕಟ್ಟಿಕೊಡುತ್ತಿದ್ದರು, ಒಂದು ಲೋಟ ಚಾ ಬಿಟ್ಟರೆ ಏನೂ ಮುಟ್ಟುತ್ತಿರಲಿಲ್ಲ. ಕಾರ್ಖಾನೆ ಮುಚ್ಚಿ ಪುಡಿ ನಿಂತ ಮೇಲೆ ಇನ್ನೊಂದು ಉಪಾಯ ಹುಡುಕಿದರು. ಹಳೇ ಒಲೆ ಒಡೆದಾಗ ಅದರ ಮಣ್ಣನ್ನು ಕುಟ್ಟಿ, ಜರಡಿ ಹಿಡಿದು, ಹೊಸ ಒಲೆಯ ಮಣ್ಣಿಗೆ ಸೇರಿಸುವುದು. ಮೊಸರಿಗೆ ಹೆಪ್ಪು ಹಾಕಿದಂತೆ. ಊರಿನವರು ಅದನ್ನು ಹೆಪ್ಪು ಎಂದೇ ಕರೆದರು.

"ಕಲಸಿದ ದಿನ ಮೊಣಕೈ ತನಕ ತುರಿಸ್ತದೆ," ಎಂದು ಉಂಡೆಯನ್ನು ಸೊಸೆಯ ಕೈಗಿಟ್ಟು ಸರಸಕ್ಕ ಹೇಳಿದರು. "ತೆಂಗಿನೆಣ್ಣೆ ಹಚ್ಚಿದರೆ ಹೋಯ್ತು."

ಸಾತ್ವಿಕಾ ಅದನ್ನು ಬರಿಗೈಯಲ್ಲಿ ಇಸಿದುಕೊಂಡು ಒಂದೇ ತೊಟ್ಟೆಗೆ ಹಾಕಿ '೨' ಎಂದು ಬರೆದಳು.

ತೃಷಾಳಿಗೂ ಒಂದು ವ್ಯವಸ್ಥೆಯಾಯಿತು. ಗೋಡೆಯಾಚೆಯ ಮನೆ ರವೂಫನದ್ದೇ. ಅವನ ತಾಯಿ ಜೈನಬಮ್ಮ ಮತ್ತು ಸರಸಕ್ಕ ಒಂದೇ ವರ್ಷ ಈ ಬೀದಿಗೆ ಮದುವೆಯಾಗಿ ಬಂದವರು. ಜೈನಬಮ್ಮ ದಿನಕ್ಕೆ ಎರಡು ಸಲ ನೆಲ ಒರೆಸುತ್ತಾರೆ, ಕಿಟಕಿಯ ಸರಳುಗಳನ್ನೂ ಬಿಡುವುದಿಲ್ಲ. ಕೆಲಸ ಮುಗಿಯುವವರೆಗೆ ತೃಷಾ ಶಾಲೆ ಬಿಟ್ಟು ನೇರ ಅಲ್ಲಿಗೇ ಹೋಗಬೇಕು, ಹೋಂವರ್ಕು ಅಲ್ಲೇ, ಊಟವೂ ಅಲ್ಲೇ.

"ನಮ್ಮಲ್ಲಿ ಧೂಳು ಹುಡುಕಿದರೂ ಸಿಗ್ಲಿಕ್ಕಿಲ್ಲ," ಎಂದರು ಜೈನಬಮ್ಮ. "ಆದರೆ ಸರಸಾ, ರಂಜಾನಿಗೆ ಮೊದಲು ನನಗೊಂದು ಒಲೆ ಆಗಬೇಕು. ದೊಡ್ಡ ಪಾತ್ರೆಯ ಗಂಜಿ ಗ್ಯಾಸಿನಲ್ಲಿ ಆಗುವುದಿಲ್ಲ. ಹೆಪ್ಪು ಮೊದಲು ನನಗೇ."

"ನಿನಗಲ್ಲದೆ ಮತ್ಯಾರಿಗೆ?"

ಮಂಗಳವಾರ ಅರಿಹಂತನ ಫೋನು ಬಂತು. ಒಂದನೇ ತೊಟ್ಟೆ ನೋಡಿದ್ದ. ಶೀಟಿನಲ್ಲಿ ಕಲ್ನಾರು ಇತ್ತು. "ಅದು ಇರ್ತದೆ ಅಂತ ಗೊತ್ತಿದ್ದದ್ದೇ. ತೋಯಿಸಿ ಇಡೀ ಇಡೀ ಇಳಿಸಿ. ಎರಡನೆಯದ್ದು ಇನ್ನೂ ನೋಡ್ಲಿಲ್ಲ, ಹೇಗೂ ಬರೀ ಮಣ್ಣಲ್ವಾ."

ಬುಧವಾರ ಶೀಟು ಇಳಿಯಿತು. ಸಾತ್ವಿಕಾ ರಜೆ ಹಾಕಿ ನಿಂತು ಇಳಿಸಿದಳು. ರವೂಫ್ ಮತ್ತು ಅವನ ಜೊತೆಯ ಮೇಸ್ತ್ರಿ ಉಸ್ಮಾನ್ ಮಾಸ್ಕ್ ಕಟ್ಟಿಕೊಂಡು, ಪೈಪಿನಲ್ಲಿ ನೀರು ಹೊಡೆಯುತ್ತ, ಬೋಲ್ಟುಗಳನ್ನು ಒಂದೊಂದಾಗಿ ಬಿಡಿಸಿ, ಹನ್ನೊಂದು ಶೀಟುಗಳನ್ನು ಹಗ್ಗದಲ್ಲಿ ಇಳಿಸಿದರು. ಒಂದೂ ಒಡೆಯಲಿಲ್ಲ. ಎಲ್ಲವನ್ನೂ ಟರ್ಪಾಲಿನಲ್ಲಿ ಸುತ್ತಿ ಕಂಪೌಂಡಿನ ಮೂಲೆಯಲ್ಲಿಟ್ಟಾಯಿತು.

"ನನ್ನ ಮದುವೆಯ ದಿನ ಕೂಡ ಇಷ್ಟು ಸಲ ಮಿಂದಿರಲಿಲ್ಲ," ಎಂದು ನೀರಿಳಿಯುವ ಅಂಗಿ ಹಿಂಡುತ್ತ ಉಸ್ಮಾನ್ ಹೇಳಿದ.

ಸಾತ್ವಿಕಾ ಆ ವಾರದಲ್ಲಿ ಮೊದಲ ಸಲ ನಕ್ಕಳು.

ಸಂಜೆ ನಾಲ್ಕಕ್ಕೆ ರವೂಫ್ ಒಲೆಗೆ ಹಾರೆ ಎತ್ತಿದ. ಸರಸಕ್ಕ ಅಡ್ಡ ನಿಂತರು. ಒಲೆಯನ್ನು ಕಟ್ಟಿದವಳೇ ಒಡೆಯಬೇಕು, ಬೇರೆಯವರ ಹಾರೆ ತಾಗಿದರೆ ಮನೆಗೆ ಕೇಡು. ಅದು ಅವರು ಮೊದಲಿಂದ ಪಾಲಿಸಿದ ಕ್ರಮ. ಊರಿನಲ್ಲಿ ಯಾರ ಮನೆಯ ಒಲೆ ತೆಗೆಯುವುದಿದ್ದರೂ ಅವರೇ ಹೋಗುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆಯ ಬಾಯಿಗೆ ಒಂದು ಕುಡ್ತೆ ಹಾಲು ಹೊಯ್ದು, ಅವರು ಒನಕೆ ಹಿಡಿದು ಕೂತರು. ಅರವತ್ತೇಳು ವರ್ಷದ ಹೆಂಗಸು ಒಂದು ಗಂಟೆ ಕುಟ್ಟಿದರು. ಮಾಡು ಇಲ್ಲದ ಅಡಿಗೆಮನೆಗೆ ಇಳಿಬಿಸಿಲು ಬೀಳುತ್ತಿತ್ತು, ಪುಡಿ ಬಂಗಾರದ ಹಾಗೆ ಏಳುತ್ತಿತ್ತು. ನಡುವೆ ಎರಡು ಸಲ ಕೆಮ್ಮಿದರು. ಸಾತ್ವಿಕಾ ಮಾಸ್ಕ್ ಬಿಚ್ಚಿ ಕಿಸೆಗೆ ಹಾಕಿಯಾಗಿತ್ತು. ಜೈನಬಮ್ಮನ ಹೆಪ್ಪಿಗೆಂದು ಉಂಡೆಗಳನ್ನು ಗೋಣಿಗೆ ತುಂಬಿದವಳು ಅವಳೇ. ಉಳಿದ ಪುಡಿಯನ್ನು ಒಣ ಹಿಡಿಸೂಡಿಯಲ್ಲಿ ಗುಡಿಸಿ ಮಲ್ಲಿಗೆ ಗಿಡದ ಬುಡಕ್ಕೆ ಹಾಕಿದವಳೂ ಅವಳೇ.

ಗುರುವಾರ ಮಧ್ಯಾಹ್ನ ಅರಿಹಂತ್ ಪುನಃ ಫೋನು ಮಾಡಿದ. ದನಿ ಬೇರೆಯಾಗಿತ್ತು. "ಫೋನಿನಲ್ಲಿ ಹೇಳುವುದು ಬೇಡ. ಒಮ್ಮೆ ಬಂದು ನೋಡು."

ಅರ್ಧ ದಿನ ರಜೆ ಕೇಳಿ, ಸ್ಕೂಟರಿನಲ್ಲಿ ಮಿಜಾರು ಮುಟ್ಟುವಾಗ ಮೂರು ಗಂಟೆಯಾಗಲಿಕ್ಕೆ ಸ್ವಲ್ಪ ಇತ್ತು. ಅರಿಹಂತ್ ಎರಡೂ ತೊಟ್ಟೆಗಳನ್ನು ಮೇಜಿನ ಮೇಲಿಟ್ಟುಕೊಂಡು ಕಾದಿದ್ದ.

"ಸಾತ್ವಿಕಾ, ಒಂದು ಎರಡು ಅದಲುಬದಲು ಆಗಿದೆಯಾ ಅಂತ ನೆನಪು ಮಾಡು."

"ಇಲ್ಲ. ಒಂದು ಶೀಟು. ನೋಡಿದರೇ ಗೊತ್ತಾಗ್ತದಲ್ಲ."

"ಹಾಗಾದರೆ ಈ ಎರಡನೆಯದ್ದು ಎಂಥದು?"

ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಮೊದಲು ಶೀಟಿನ ಸ್ಲೈಡು. ಕತ್ತಲೆಯಂಥ ಹಿನ್ನೆಲೆಯಲ್ಲಿ ಅಲ್ಲೊಂದು ಇಲ್ಲೊಂದು ಹೊಳೆಯುವ ಕೂದಲು. ಅರಿಹಂತ್ ಸ್ಲೈಡು ಬದಲಿಸಿದ. ಈಗ ಕತ್ತಲೆಯೇ ಕಾಣಲಿಲ್ಲ. ಕೂದಲಿನ ಮೇಲೆ ಕೂದಲು, ಹೆಣೆದ ಹಾಗೆ, ಸಿಕ್ಕುಗಟ್ಟಿದ ಹಾಗೆ, ನೋಟದ ಈ ಅಂಚಿನಿಂದ ಆ ಅಂಚಿನ ತನಕ.

"ಶೀಟಿನಲ್ಲಿ ನೂರಕ್ಕೆ ಹತ್ತೋ ಹನ್ನೆರಡೋ ಪಾಲು ಇದ್ದೀತು," ಎಂದ ಅರಿಹಂತ್. "ಅದೂ ಸಿಮೆಂಟು ಹಿಡಿದಿಟ್ಟದ್ದು. ಇದರಲ್ಲಿ ಅರ್ಧಕ್ಕರ್ಧ ಉಂಟು. ಬೆರಳಲ್ಲಿ ಉಜ್ಜಿದರೆ ಹಾರ್ತದೆ. ನಾನು ಮಾಸ್ಕ್ ಇಲ್ಲದೆ ತೊಟ್ಟೆ ಬಿಚ್ಚಿದೆ ಮಾರಾಯ್ತಿ. ಎಂಥ ಇದು?"

"ಒಲೆ," ಅಂದಳು ಸಾತ್ವಿಕಾ.

ಅವಳಿಗೆ ಮೊದಲು ನೆನಪಾದದ್ದು ಹಿಡಿಸೂಡಿ. ಆಮೇಲೆ ಬಾಯ್ಲರ್. ಆಮೇಲೆ ತಲೆಯಾಡಿಸಿದ ಡಾಕ್ಟರು. ಕೊನೆಗೆ ಗೋಣಿ.

ಅತ್ತೆಗೆ ಫೋನು ಮಾಡಿದಳು. ಯಾರೂ ಎತ್ತಲಿಲ್ಲ. ಉಜ್ವಲ್‌ಗೆ ಮಾಡಿದಳು, ಅವನು ಎತ್ತಿದ.

"ನಾನು ಪುತ್ತೂರಿನಲ್ಲಿದ್ದೇನೆ, ಲೋಡು ತರ್ಲಿಕ್ಕೆ. ಅಮ್ಮ ಫೋನನ್ನು ಚಾರ್ಜಿಗಿಟ್ಟು ಹೋಗಿರ್ಬೇಕು. ಊಟ ಆದ ಕೂಡಲೆ ಗೋಣಿ ಎಳ್ಕೊಂಡು ಜೈನಬಮ್ಮನಲ್ಲಿಗೆ ಹೊರಟಿದ್ರು. ಯಾಕೆ, ರಿಪೋರ್ಟು ಬಂತಾ? ಪಾಸಾ, ಫೇಲಾ?"

"ಅದನ್ನು ಕುಟ್ಟಬಾರದು. ಯಾರಿಗಾದ್ರೂ ಫೋನ್ ಮಾಡಿ, ಕುಟ್ಟಬಾರದು ಅಂತ ಹೇಳಿ."

"ಯಾವುದನ್ನು?"

ಅವಳು ಫೋನಿಟ್ಟು ಜೈನಬಮ್ಮನಿಗೆ ಮಾಡಿದಳು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ರವೂಫನದ್ದು ಸ್ವಿಚ್ ಆಫ್. ಗಂಟೆ ಮೂರು ಹತ್ತು. ಶಾಲೆ ಬಿಡುವುದು ಮೂರೂವರೆಗೆ. ತೃಷಾ ಜೈನಬಮ್ಮನ ಮನೆ ಮುಟ್ಟುವುದು ಹೆಚ್ಚೆಂದರೆ ಮೂರೂ ಮುಕ್ಕಾಲಿಗೆ.

ಕೈಕಂಬದಲ್ಲಿ ರಸ್ತೆ ಕೆಲಸ. ಒಂದು ಲಾರಿ ಅಡ್ಡ ನಿಂತು ಕಾಲು ಗಂಟೆ ತಿಂದಿತು. ಹೆಲ್ಮೆಟಿನ ಒಳಗೆ ಸಾತ್ವಿಕಾ ಬೇಡವೆಂದರೂ ಅತ್ತೆ ಒಲೆ ಕಟ್ಟಿಕೊಟ್ಟ ಮನೆಗಳನ್ನು ನೆನೆಯುತ್ತಿದ್ದಳು. ಜತ್ತಪ್ಪಣ್ಣನ ಮನೆ. ಬೀಪಾತುಮ್ಮನ ಮನೆ. ಹೊಳೆಬದಿಯ ಆ ನಾಲ್ಕು. ಅಂಗನವಾಡಿಗೆ ಗಂಜಿ ಬೇಯಿಸುವ ಒಲೆಯೂ ಅತ್ತೆಯದ್ದೇ ಅಲ್ಲವೇ? ತನ್ನ ಮದುವೆಯಾದ ವರ್ಷ ಸಿದ್ದಕಟ್ಟೆಗೆ ಬಂದು ತನ್ನ ಅಮ್ಮನಿಗೂ ಒಂದು ಕಟ್ಟಿಕೊಟ್ಟಿದ್ದರು. ಅಮ್ಮ ಇವತ್ತಿಗೂ ಬಂದವರಿಗೆಲ್ಲ ತೋರಿಸುತ್ತಾಳೆ. ನಲವತ್ತು ವರ್ಷದಲ್ಲಿ ಎಷ್ಟು ಒಲೆ, ಎಷ್ಟು ಹೆಪ್ಪು?

ನರಿಕೊಂಬು ಮುಟ್ಟುವಾಗ ನಾಲ್ಕೂ ಇಪ್ಪತ್ತು. ಜೈನಬಮ್ಮನ ಮೆಟ್ಟಿಲಲ್ಲಿ ತೃಷಾಳ ಪುಟ್ಟ ಕಪ್ಪು ಶೂ ಜೋಡಿಸಿಟ್ಟದ್ದು ಕಂಡಿತು. ಹಿಂದಿನ ಕೋಣೆಯ ಬಾಗಿಲು ಒಳಗಿನಿಂದ ಚಿಲಕ. ಧಬ್, ಧಬ್ ಎಂದು ಒನಕೆಯ ಸದ್ದು. ಅವಳು ಬಾಗಿಲಿಗೆ ಕೈಯಲ್ಲೇ ಗುದ್ದಿದಳು. ಸದ್ದು ನಿಂತು, ಚಿಲಕ ಸರಿಯಿತು.

"ನೀನಾ? ಬೇಗ ಒಳಗೆ ಬಂದು ಬಾಗಿಲು ಹಾಕು," ಎಂದರು ಸರಸಕ್ಕ. "ಹೊಳೆ ಕಡೆಯಿಂದ ಗಾಳಿ ಬರ್ತದೆ, ಪುಡಿಯೆಲ್ಲ ಹಾರಿಹೋಗ್ತದೆ."

ಕಿಟಕಿಗೂ ಬೆಡ್‌ಶೀಟು ಕಟ್ಟಿದ್ದರು. ಮಾಡಿನ ಗಾಜಿನ ಹಂಚಿನಿಂದ ಒಂದು ಬೆಳಕಿನ ಕಂಬ ನೆಲದ ತನಕ ಇಳಿದಿತ್ತು. ಆ ಕಂಬ ತೆಳ್ಳಗಿರಲಿಲ್ಲ, ಹಾಲಿನಷ್ಟು ದಪ್ಪ ಇತ್ತು. ಜೈನಬಮ್ಮ ಜರಡಿ ಹಿಡಿದು ಕೂತಿದ್ದರು. ತಲೆಗೆ ಹೊದ್ದ ಬಟ್ಟೆ ಬೂದಿಬಣ್ಣಕ್ಕೆ ತಿರುಗಿತ್ತು. ಮೂಲೆಯ ಚಾಪೆಯಲ್ಲಿ ತೃಷಾ ಮಗ್ಗಿ ಬರೆಯುತ್ತಿದ್ದಳು. ಪುಸ್ತಕದ ಹಾಳೆಯನ್ನು ಆಗಾಗ ಬಾಯಿಂದ ಊದಿ ಪುಡಿ ಹಾರಿಸಿ, ಪುನಃ ಬರೆಯುತ್ತಿದ್ದಳು.

"ಅಮ್ಮಾ, ನಾನು ಬಿಳಿ ಕೂದಲಿನ ಅಜ್ಜಿ ಆಗಿದ್ದೇನೆ ನೋಡು."

ಸಾತ್ವಿಕಾ ಮಗುವನ್ನು ಎತ್ತಿ ಅಂಗಳದಲ್ಲಿ ನಿಲ್ಲಿಸಿ ಬಂದಳು. ಬಾಗಿಲ ಪಕ್ಕದ ನೀರಿನ ಬಕೆಟ್ ಎತ್ತಿ, ಗೋಪುರದ ಹಾಗೆ ರಾಶಿ ಮಾಡಿಟ್ಟ ಪುಡಿಯ ಮೇಲೆ ಹೊಯ್ದಳು. ಇನ್ನೊಂದು ಬಕೆಟ್ ತಂದು ನೆಲಕ್ಕೆ ಹೊಯ್ದಳು.

"ಮರುಳಾ ನಿನಗೆ?" ಸರಸಕ್ಕ ಕಿರುಚಿದರು. "ಎರಡು ಗಂಟೆ ಕುಟ್ಟಿದ್ದು!"

"ಅತ್ತೆ, ಇದರಲ್ಲಿ ಕಲ್ನಾರು ಉಂಟು. ಶೀಟಿಗಿಂತ ಐದು ಪಾಲು ಹೆಚ್ಚು. ನಾನೇ ಕಣ್ಣಾರೆ ನೋಡಿ ಬಂದೆ. ಬಾಯ್ಲರ್ ಮಣ್ಣು ಅಂದರೆ ಅದೇ."

"ಶೀಟಿನದ್ದು ಇದರಲ್ಲಿ ಹೇಗೆ..." ಎಂದ ಸರಸಕ್ಕ ಅರ್ಧಕ್ಕೇ ನಿಲ್ಲಿಸಿದರು. ಮೊಣಕೈ ತನಕ ಬೂದಿ ಮೆತ್ತಿದ ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡರು. "ಅವರು ಹೋದದ್ದು ಇದರಿಂದಲಾ?"

ಬಕೆಟಿನಲ್ಲಿ ಉಳಿದ ನೀರನ್ನು ಸಾತ್ವಿಕಾ ಆ ಕೈಗಳ ಮೇಲೆ ಹೊಯ್ದಳು. ಅವರಿಗೆ ಅದೇ ಉತ್ತರವಾಯಿತು.

ಜೈನಬಮ್ಮ ಎದ್ದು, ತಲೆಬಟ್ಟೆ ಕೊಡವಿ, ಫೋನು ಹುಡುಕುತ್ತ ಮುಂದಿನ ಕೋಣೆಗೆ ಹೋದರು. ಅತ್ತೆ ಸೊಸೆ ಇಬ್ಬರೂ ಅದನ್ನು ಗಮನಿಸಲಿಲ್ಲ.

ಅಂಗಳದ ನಳ್ಳಿಯ ಕೆಳಗೆ ಸಾತ್ವಿಕಾ ಮಗಳನ್ನು ನಿಲ್ಲಿಸಿ ತಲೆಗೆ ನೀರು ಹೊಯ್ದಳು. ಬಟ್ಟೆ ಬಿಚ್ಚಿ ತೊಟ್ಟೆಗೆ ಹಾಕಿದಳು. ಮೂಗು, ಕಿವಿ, ಹುಬ್ಬು ತೊಳೆದಳು. ಒಳಗೆ ಹೋದದ್ದನ್ನು ತೊಳೆಯುವ ನೀರು ಯಾವುದೂ ಇರಲಿಲ್ಲ. ಇವತ್ತು ಏನೂ ಆಗುವುದಿಲ್ಲ, ನಾಳೆಯೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಅದು ಇಪ್ಪತ್ತು, ಮೂವತ್ತು ವರ್ಷ ಸುಮ್ಮನೆ ಕೂತಿರುತ್ತದೆ. ಕೆಲವರಲ್ಲಿ ಕೂತೇ ಇರುತ್ತದೆ, ಕೆಲವರಲ್ಲಿ ಏಳುತ್ತದೆ. ಯಾರಲ್ಲಿ ಎಂದು ಯಾವ ಸ್ಲೈಡೂ ಹೇಳುವುದಿಲ್ಲ.

ಸರಸಕ್ಕ ಎರಡು ಮಾರು ದೂರದಲ್ಲಿ ನಿಂತಿದ್ದರು. ಮೊಮ್ಮಗಳ ಹತ್ತಿರ ಬರಲಿಲ್ಲ.

"ಎಲ್ಲ ಮನೆಯವರಿಗೂ ಹೇಳಬೇಕಲ್ಲ?"

"ಹೇಳಬೇಕು."

"ನಾನೇ ಹೋಗ್ತೇನೆ. ಕಟ್ಟಿದವಳೇ ಹೋಗಿ ಒಡೆದು ಬರುವುದು ಕ್ರಮ."

"ಒಡೆಯುವುದೇ ಬೇಡ ಅತ್ತೆ! ಇದ್ದ ಹಾಗೇ ಇರ್ಲಿ. ಒದ್ದೆ ಗೋಣಿ ಹೊದೆಸಿ ಬಿಡ್ಲಿ. ಒಡೆದರೇ ಕಷ್ಟ."

ಆಗ ಜೈನಬಮ್ಮ ಫೋನು ಹಿಡಿದುಕೊಂಡೇ ಹೊರಗೆ ಬಂದರು. ಒಳ್ಳೆಯ ಕೆಲಸ ಮಾಡಿ ಮುಗಿಸಿದವರ ಮುಖ. "ಮಹಿಳಾ ಸಂಘದ ವಾಟ್ಸಾಪ್ ಗ್ರೂಪಿಗೆ ಮಾತಾಡಿ ಹಾಕಿಬಿಟ್ಟೆ. ಸರಸಕ್ಕನ ಒಲೆಯಲ್ಲಿ ವಿಷ ಉಂಟಂತೆ, ಲ್ಯಾಬಿನಲ್ಲಿ ಸಿಕ್ಕಿತಂತೆ, ಮನೆಯಲ್ಲಿ ಮಕ್ಕಳಿರುವವರು ತಡ ಮಾಡಬೇಡಿ ಅಂತ. ಎಲ್ಲರೂ ಕೇಳಿಯಾಯ್ತು, ನೀಲಿ ಗುರುತು ಬಂದಿದೆ."

ಸಾತ್ವಿಕಾ ಒದ್ದೆ ಕೈಯಲ್ಲೇ ಫೋನು ಕಸಿದುಕೊಂಡಳು. "ಒಡೆಯಬೇಡಿ, ಯಾರೂ ಒಲೆ ಮುಟ್ಟಬೇಡಿ, ನಾನು ಸಾತ್ವಿಕಾ ಹೇಳ್ತಾ ಇದ್ದೇನೆ" ಎಂದು ಹೇಳಿ ಕಳಿಸಿದಳು. ಪರದೆಯನ್ನೇ ನೋಡುತ್ತ ನಿಂತಳು. ಜೈನಬಮ್ಮನ ಮಾತಿನಡಿ ನೀಲಿ ಗುರುತಿತ್ತು. ಅವಳ ಮಾತಿನಡಿಯ ಗುರುತು ಬೂದುಬಣ್ಣದ್ದು, ಬೂದುಬಣ್ಣದ್ದೇ ಉಳಿಯಿತು.

ಬಿಸಿಲು ಇನ್ನೂ ಇತ್ತು. ಓಣಿಯಾಚೆಯಿಂದ ಧಬ್ ಎಂದು ಒಂದು ಸದ್ದು ಬಂತು. ತಡೆದು ಇನ್ನೊಂದು. ಆಮೇಲೆ ಬಿಡದೆ.

"ಜತ್ತಪ್ಪನ ಮನೆ," ಎಂದರು ಸರಸಕ್ಕ.

ಹೊಳೆ ಕಡೆಯಿಂದಲೂ ಶುರುವಾಯಿತು. ಅಲ್ಲಿ ಎರಡು ಕಡೆ ಒಟ್ಟಿಗೆ.

"ಅದು ಬೀಪಾತುಮ್ಮ. ಇನ್ನೊಂದು ಅವಳ ಮಗಳ ಮನೆ."

ಸಾತ್ವಿಕಾ ಗೇಟಿನ ಕಡೆ ಓಡಿದಳು. ಗೇಟು ದಾಟಿ ನಿಂತುಬಿಟ್ಟಳು. ಬಲಕ್ಕೂ ಸದ್ದು, ಎಡಕ್ಕೂ ಸದ್ದು, ಯಾವ ಮನೆಗೆ ಮೊದಲು ಹೋಗಬೇಕೆಂದು ತಿಳಿಯಲಿಲ್ಲ. ನಳ್ಳಿಯ ಕೆಳಗೆ ತೃಷಾ ಸಣ್ಣಗೆ ಕೆಮ್ಮಿದಳು. ಹಿಂದಿನಿಂದ ಅತ್ತೆಯ ಮಾತು ಕೇಳಿಸಿತು. ಅದರಲ್ಲಿ ಅಳು ಇರಲಿಲ್ಲ.

"ಗಟ್ಟಿ ಕಟ್ಟಿದ್ದೆ. ಅದು ಒಡೆಯಲಿಕ್ಕೆ ಅವರಿಗೆ ತುಂಬ ಹೊತ್ತು ಬೇಕು."